ವಾಷಿಂಗ್ಟನ್‌ನ ರತ್ನ ಮತ್ತು ಖನಿಜ ಗ್ಯಾಲರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಜಧಾನಿಯಲ್ಲಿರುವ ಸ್ಮಿತ್ಸೋನಿಯನ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಕನ್ನಡಿಗರು ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹೋಪ್ ಎಂಬ ಹೆಸರಾಂತ ನೀಲಿ ವಜ್ರ. ಮಕ್ಕಳ ಮನೆಗೆಂದು ಬಂದ ಅಪ್ಪ ಅಮ್ಮ, ರಜೆಗೆ ಬಂದ ನೆಂಟರು, ಶಾಲೆಯ ಮಕ್ಕಳು ಎಲ್ಲರೂ ಅದರ ಮುಂದೆ ಒಂದು ಫೋಟೊ ತೆಗೆಸಿಕೊಂಡು, ಡೈನೊಸಾರ್ ನೋಡಲು ಕೆಳಗಿಳಿದುಬಿಡುತ್ತಾರೆ. ಅದರಾಚೆಯ ಕೋಣೆಗಳಲ್ಲಿ ಯಾರ ಕೈಯೂ ತಾಗದೆ ತಾವಾಗಿಯೇ ಚಪ್ಪಟೆ ಮುಖಗಳನ್ನು ಮೂಡಿಸಿಕೊಂಡ ಸಾವಿರಾರು ಹರಳುಗಳಿವೆ. ಅವುಗಳ ಮುಂದೆಯೂ ನೀವು ನಿಲ್ಲಬೇಕು ಎಂಬ ಆಸೆಯಿಂದ, ಊರಿನಿಂದ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟಿಕೆಟ್ ಎಷ್ಟು? ಮುಂಚೆಯೇ ಕಾಯ್ದಿರಿಸಬೇಕೇ?

ಪ್ರವೇಶ ಉಚಿತ. ಕಾಯ್ದಿರಿಸುವ ಅಗತ್ಯವಿಲ್ಲ. ಡಿಸೆಂಬರ್ 25 ಒಂದು ದಿನ ಬಿಟ್ಟು ವರ್ಷವಿಡೀ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಅಮೆರಿಕದ ಸಂಸತ್ತಿನಲ್ಲಿ ಬಜೆಟ್ ಜಗಳ ನಡೆದು ಸರ್ಕಾರಿ ಕಚೇರಿಗಳು ಮುಚ್ಚಿದಾಗ ಇದೂ ಮುಚ್ಚುವುದುಂಟು. ಆದ್ದರಿಂದ ದೂರದಿಂದ ಬರುವವರು ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೋಗುವುದು ಹೇಗೆ? ಮಂಡಿ ನೋವಿರುವ ಹಿರಿಯರಿಗೆ ಕಷ್ಟವಾಗುವುದೇ?

ಮೆಟ್ರೊದಲ್ಲಿ ಬಂದರೆ ಸ್ಮಿತ್ಸೋನಿಯನ್ ಅಥವಾ ಫೆಡರಲ್ ಟ್ರಯಾಂಗಲ್ ನಿಲ್ದಾಣದಲ್ಲಿ ಇಳಿಯಿರಿ. ಎರಡರಿಂದಲೂ ನಡೆದೇ ಹೋಗಬಹುದು. ಕಟ್ಟಡಕ್ಕೆ ಎರಡು ಬಾಗಿಲುಗಳಿವೆ. ನ್ಯಾಷನಲ್ ಮಾಲ್ ಹುಲ್ಲುಹಾಸಿನ ಕಡೆಯ ಬಾಗಿಲಿಗೆ ಎತ್ತರದ ಮೆಟ್ಟಿಲುಗಳು. ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಕಡೆಯ ಬಾಗಿಲು ರಸ್ತೆಯ ಮಟ್ಟದಲ್ಲೇ ಇದೆ. ಹಿರಿಯರು ಜೊತೆಗಿದ್ದರೆ ಕಣ್ಣು ಮುಚ್ಚಿಕೊಂಡು ಎರಡನೆಯದನ್ನೇ ಆರಿಸಿ. ಒಳಗೆ ಲಿಫ್ಟ್ ಇದೆ. ಗಾಲಿಕುರ್ಚಿಗಳನ್ನು ಉಚಿತವಾಗಿ ಕೊಡುತ್ತಾರೆ, ಮೊದಲು ಬಂದವರಿಗೆ ಮೊದಲು.

ಒಂದು ಸಂಗತಿ ಗಮನದಲ್ಲಿರಲಿ. ರತ್ನಗಳಿರುವುದು ಎರಡನೆಯ ಮಹಡಿಯಲ್ಲಿ ಎಂದು ಫಲಕ ಹೇಳುತ್ತದೆ. ದೊಡ್ಡ ಆಫ್ರಿಕನ್ ಆನೆ ನಿಂತಿರುವ ಗುಮ್ಮಟದ ಅಂಗಳವನ್ನೇ ಅವರು ಮೊದಲನೆಯ ಮಹಡಿ ಎನ್ನುತ್ತಾರೆ. ಹಾಗಾಗಿ ಆನೆಯ ಬಳಿಯಿಂದ ಒಂದೇ ಒಂದು ಮಹಡಿ ಹತ್ತಿದರೆ ಸಾಕು. ರಸ್ತೆಯ ಕಡೆಯಿಂದ ಬಂದವರು ಎರಡು ಮಹಡಿ ಹತ್ತಬೇಕಾಗುತ್ತದೆ.

ಎಷ್ಟು ಹೊತ್ತು ಬೇಕು?

ರತ್ನ–ಖನಿಜ ಭಾಗ ಒಂದಕ್ಕೇ ಎರಡು ಗಂಟೆ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಮುಗಿಸಿದವರು ಹೊಳೆಯುವುದನ್ನು ಮಾತ್ರ ನೋಡಿರುತ್ತಾರೆ. ಬಾಗಿಲು ತೆರೆದ ಕೂಡಲೇ ನೇರವಾಗಿ ಮೇಲೆ ಹೋಗಿ ಹೋಪ್ ವಜ್ರವನ್ನು ನೋಡಿಬಿಡಿ. ಹನ್ನೊಂದರ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೆರಿ ಹೂ ಅರಳುವ ವಸಂತದಲ್ಲಿ ಮತ್ತು ಬೇಸಿಗೆ ರಜೆಯಲ್ಲಂತೂ ಕೇಳುವುದೇ ಬೇಡ. ಆ ಹೊತ್ತಿಗೆ ನೀವು ಒಳಗಿನ ಖನಿಜಗಳ ಸಾಲಿಗೆ ತಲುಪಿದ್ದರೆ ನಿರಾಳ. ಅಲ್ಲಿ ಜನ ಕಡಿಮೆ.

ಹೋಪ್ ವಜ್ರ ನಿಜವಾಗಿಯೂ ಭಾರತದ್ದೇ?

ಹೌದು. 17ನೇ ಶತಮಾನದಲ್ಲಿ ಜೀನ್-ಬ್ಯಾಪ್ಟಿಸ್ಟ್ ಟ್ಯಾವರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ ಭಾರತದಲ್ಲಿ ದೊಡ್ಡದೊಂದು ನೀಲಿ ವಜ್ರವನ್ನು ಕೊಂಡ. ಇಂದಿನ ಲೆಕ್ಕದಲ್ಲಿ ಅದರ ತೂಕ ಸುಮಾರು 115 ಕ್ಯಾರೆಟ್. ಗೋಲ್ಕೊಂಡ ಸುಲ್ತಾನರ ಆಳ್ವಿಕೆಯಲ್ಲಿದ್ದ, ಕೃಷ್ಣಾ ನದಿಯ ದಡದ ಕೊಲ್ಲೂರು ಗಣಿಯಿಂದ ಬಂದದ್ದು ಎಂದೇ ವಿದ್ವಾಂಸರು ಎಣಿಸುತ್ತಾರೆ. 1668ರಲ್ಲಿ ಅವನು ಅದನ್ನು ಫ್ರಾನ್ಸಿನ 14ನೇ ಲೂಯಿಗೆ ಮಾರಿದ. 1673ರಲ್ಲಿ ಅರಸನ ಅಕ್ಕಸಾಲಿಗರು ಅದನ್ನು ಮತ್ತೆ ಕೊರೆದು, ಮೂರನೆಯ ಎರಡು ಭಾಗಕ್ಕಿಂತಲೂ ಚಿಕ್ಕದು ಮಾಡಿದರು. ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ಅರಮನೆಯ ಒಡವೆಗಳೊಂದಿಗೆ ಅದೂ ಕಳವಾಯಿತು. ಇಪ್ಪತ್ತು ವರ್ಷಗಳ ನಂತರ, 1812ರಲ್ಲಿ, ಲಂಡನ್ನಿನ ವ್ಯಾಪಾರಿಯೊಬ್ಬನ ಬಳಿ ಇನ್ನೂ ಚಿಕ್ಕದಾದ ನೀಲಿ ವಜ್ರವೊಂದು ಇದ್ದುದಾಗಿ ದಾಖಲೆ ಸಿಗುತ್ತದೆ. ಅದೇ ಮುಂದೆ ಹೆನ್ರಿ ಫಿಲಿಪ್ ಹೋಪ್ ಎಂಬ ಶ್ರೀಮಂತನ ಸಂಗ್ರಹಕ್ಕೆ ಸೇರಿ ಅವನ ಹೆಸರು ಪಡೆಯಿತು. ಎರಡೂ ಒಂದೇ ವಜ್ರವೇ ಎಂಬ ವಾದ ಬಹಳ ಕಾಲ ನಡೆಯಿತು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಜ್ರದ ಸೀಸದ ಅಚ್ಚು 2007ರಲ್ಲಿ ಸಿಕ್ಕಿದ ಮೇಲೆ ಆ ಅನುಮಾನ ತೀರಿತು.

ಈಗ ಅದರ ತೂಕ 45.52 ಕ್ಯಾರೆಟ್, ಅಂದರೆ 9 ಗ್ರಾಮಿಗೆ ಒಂದಿಷ್ಟು ಹೆಚ್ಚು. ಅಷ್ಟೇ. "ಇಷ್ಟು ಚಿಕ್ಕದೇ?" ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ಅಡ್ಡಗಲ ಎರಡೂವರೆ ಸೆಂಟಿಮೀಟರ್. ಆದರೆ ಗಾಜಿನೊಳಗೆ ಅದು ನಿಧಾನವಾಗಿ ತಿರುಗುತ್ತಿರುತ್ತದೆ; ಒಂದು ಸುತ್ತು ಪೂರ್ತಿಯಾಗುವವರೆಗೆ ನಿಂತು ನೋಡಿ. ಎದುರಿಗೆ ಬಂದಾಗ ಉಕ್ಕಿನಂತಹ ಬೂದು ನೀಲಿ, ಓರೆಯಾದಾಗ ಕಡು ನೀಲಿ.

ಕೊಲ್ಲೂರು ಎಂದರೆ ನಮ್ಮ ಮೂಕಾಂಬಿಕೆಯ ಕೊಲ್ಲೂರೇ?

ಅಲ್ಲ. ಉಡುಪಿ ಜಿಲ್ಲೆಯ ಕೊಲ್ಲೂರಿಗೂ ವಜ್ರಕ್ಕೂ ಸಂಬಂಧವಿಲ್ಲ. ಇದು ಆಂಧ್ರಪ್ರದೇಶದ, ಹಳೆಯ ಗುಂಟೂರು ಸೀಮೆಯ ಕೊಲ್ಲೂರು. ಪುಲಿಚಿಂತಲ ಜಲಾಶಯದ ಹಿನ್ನೀರು ಈಗ ಆ ಜಾಗವನ್ನು ಆವರಿಸಿದೆ.

ಆದರೆ ಕನ್ನಡ ನಾಡಿನ ನಂಟು ಪೂರ್ತಿ ಇಲ್ಲವೆಂದೂ ಅಲ್ಲ. ವಿಜಯಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ಹಾದುಹೋಗುವ ಅದೇ ಕೃಷ್ಣೆಯೇ ಮುಂದೆ ಆ ಗಣಿಗಳ ನೆಲಕ್ಕೆ ಹರಿದದ್ದು. ಕೊಲ್ಲೂರಿನ ವಜ್ರಗಳನ್ನು ಬಂಡೆ ಒಡೆದು ತೆಗೆಯುತ್ತಿರಲಿಲ್ಲ. ನದಿ ತಂದು ಹಾಕಿದ ಜಲ್ಲಿಯನ್ನು ತೊಳೆದು, ಒಣಗಿಸಿ, ಆರಿಸುತ್ತಿದ್ದರು. ವಜ್ರವನ್ನು ಭೂಮಿಯ ಒಡಲಿನಿಂದ ಮೇಲಕ್ಕೆ ಹೊತ್ತು ತರುವ ಕಿಂಬರ್ಲೈಟ್ ಎಂಬ ಶಿಲೆಯನ್ನು ರಾಯಚೂರು–ನಾರಾಯಣಪೇಟೆ ಸೀಮೆಯಲ್ಲೂ ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಅದನ್ನು ಭಾರತಕ್ಕೆ ಮರಳಿಸಬೇಕಲ್ಲವೇ?

ಕೊಹಿನೂರಿನ ಕಥೆ ಬೇರೆ, ಇದರ ಕಥೆ ಬೇರೆ. ಕೊಹಿನೂರನ್ನು ಯುದ್ಧದಲ್ಲಿ ಸೋತ ಬಾಲಕ ಅರಸನಿಂದ ಒಪ್ಪಂದದ ಹೆಸರಿನಲ್ಲಿ ಪಡೆದರು. ಟ್ಯಾವರ್ನಿಯೆ ವ್ಯಾಪಾರಿ; ಕೊಳ್ಳುವುದು, ಮಾರುವುದು ಅವನ ವೃತ್ತಿ. ಆದ್ದರಿಂದ ಮರಳಿಸುವ ಬೇಡಿಕೆ ಇಲ್ಲಿ ಗಟ್ಟಿಯಾಗಿ ನಿಲ್ಲದು ಎಂದು ನನಗನ್ನಿಸುತ್ತದೆ.

ನನ್ನ ಕೊರಗು ಬೇರೆಯದೇ. ಕೊಲ್ಲೂರಿನಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು ಎಂದು ಟ್ಯಾವರ್ನಿಯೆಯೇ ಬರೆದಿದ್ದಾನೆ. ಗಂಡಸರು ಅಗೆಯುತ್ತಿದ್ದರು, ಹೆಂಗಸರೂ ಮಕ್ಕಳೂ ಮಣ್ಣು ಹೊರುತ್ತಿದ್ದರು. ಅರಸರ ಹೆಸರು, ಕೊಂಡವರ ಹೆಸರು, ದಾನ ಕೊಟ್ಟವರ ಹೆಸರು ಎಲ್ಲವೂ ನಮಗೆ ಗೊತ್ತು. ಜಲ್ಲಿಯಲ್ಲಿ ಆ ನೀಲಿಯನ್ನು ಮೊದಲು ಕಂಡ ಕಣ್ಣು ಯಾರದೋ ಗೊತ್ತಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಅರಸನ ಕಥೆಯ ಜೊತೆಗೆ ಇದನ್ನೂ ಹೇಳಬೇಕು.

ಅದಕ್ಕೆ ಶಾಪವಿದೆಯಂತೆ, ನಿಜವೇ?

ಇಲ್ಲ. ದೇವರ ವಿಗ್ರಹದ ಕಣ್ಣಿನಿಂದ ಕದ್ದದ್ದು, ಕದ್ದವನನ್ನು ನಾಯಿಗಳು ಹರಿದು ತಿಂದವು ಎಂಬ ಕಥೆ ಹುಟ್ಟಿದ್ದು ಬಹಳ ತಡವಾಗಿ. ಟ್ಯಾವರ್ನಿಯೆ ಎಂಬತ್ತು ದಾಟಿ ಬದುಕಿದ. 20ನೇ ಶತಮಾನದ ಆರಂಭದಲ್ಲಿ ಪಿಯರ್ ಕಾರ್ತಿಯೆ ಎಂಬ ಒಡವೆ ವ್ಯಾಪಾರಿ ವಾಷಿಂಗ್ಟನ್ನಿನ ಶ್ರೀಮಂತೆ ಎವಲಿನ್ ವಾಲ್ಷ್ ಮೆಕ್ಲೀನ್ ಅವರಿಗೆ ವಜ್ರವನ್ನು ಮಾರುವಾಗ ಈ ಕಥೆಗೆ ಬಣ್ಣ ಕಟ್ಟಿದ. ಆಕೆಯ ಮರಣಾನಂತರ ಹ್ಯಾರಿ ವಿನ್‌ಸ್ಟನ್ ಎಂಬ ರತ್ನ ವ್ಯಾಪಾರಿ ಅದನ್ನು ಕೊಂಡು, 1958ರ ನವೆಂಬರ್ 10ರಂದು ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಕಳುಹಿಸಿದ್ದು ಸಾಮಾನ್ಯ ರಿಜಿಸ್ಟರ್ಡ್ ಅಂಚೆಯಲ್ಲಿ, ಕಂದು ಕಾಗದದ ಪೊಟ್ಟಣದಲ್ಲಿ.

ಶಾಪಕ್ಕಿಂತ ದೊಡ್ಡ ಬೆರಗು ಆ ಕಲ್ಲಿನೊಳಗೇ ಇದೆ. ಅತಿನೇರಳೆ ಬೆಳಕು ತೋರಿಸಿ, ದೀಪ ಆರಿಸಿದರೆ, ಈ ನೀಲಿ ವಜ್ರ ಕೆಲವು ಕ್ಷಣ ಕತ್ತಲಲ್ಲಿ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ. ನೀಲಿ ಬಣ್ಣಕ್ಕೆ ಕಾರಣ ಇಂಗಾಲದ ನಡುವೆ ಸೇರಿಕೊಂಡ ಅತ್ಯಲ್ಪ ಬೋರಾನ್. ಇಂತಹ ನೀಲಿ ವಜ್ರಗಳು 660 ಕಿಲೊಮೀಟರಿಗೂ ಆಳದಲ್ಲಿ ಹುಟ್ಟುತ್ತವೆ ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೇರೆ ವಜ್ರಗಳಲ್ಲಿ ಹೆಚ್ಚಿನವು ಹುಟ್ಟುವುದು 150ರಿಂದ 200 ಕಿಲೊಮೀಟರ್ ಆಳದಲ್ಲಿ.

ಹೋಪ್ ಬಿಟ್ಟರೆ ಬೇರೆ ಯಾವ ರತ್ನಗಳನ್ನು ತಪ್ಪಿಸಿಕೊಳ್ಳಬಾರದು?

ನನ್ನ ಮೊದಲ ಆಯ್ಕೆ ನಕ್ಷತ್ರ ನೀಲ, 'ಸ್ಟಾರ್ ಆಫ್ ಏಷ್ಯಾ'. ಸುಮಾರು 330 ಕ್ಯಾರೆಟ್ ತೂಕದ, ಮುಖಗಳನ್ನು ಕೊರೆಯದೆ ಗುಮ್ಮಟದಂತೆ ಉಜ್ಜಿದ ನೀಲಿ ಕಲ್ಲು. ಅದರ ನೆತ್ತಿಯ ಮೇಲೆ ಆರು ಎಳೆಯ ಬೆಳ್ಳನೆಯ ನಕ್ಷತ್ರ ಕೂತಿರುತ್ತದೆ. ನೀವು ಎಡಕ್ಕೆ ಎರಡು ಹೆಜ್ಜೆ ಇಟ್ಟರೆ ನಕ್ಷತ್ರವೂ ಕಲ್ಲಿನ ಮೇಲೆ ಜಾರುತ್ತದೆ. ಬಾಗಿದರೆ ಅದೂ ಸರಿಯುತ್ತದೆ. ಅದು ಮೇಲ್ಮೈಯಲ್ಲಿ ಕೆತ್ತಿದ್ದಲ್ಲ. ಕಲ್ಲು ತಣಿಯುವಾಗ ಒಳಗೆ ರೂಟೈಲ್ ಎಂಬ ಖನಿಜ ಕೂದಲಿಗಿಂತ ತೆಳುವಾದ ಸೂಜಿಗಳಾಗಿ, ಮೂರು ದಿಕ್ಕಿನಲ್ಲಿ ಸಾಲುಗಟ್ಟಿ ಬೆಳೆದಿದೆ. ಒಂದೊಂದು ಸಾಲೂ ಬೆಳಕಿನ ಒಂದು ಗೆರೆಯನ್ನು ಎಸೆಯುತ್ತದೆ. ಮೂರು ಗೆರೆ ಸೇರಿ ಆರು ಎಳೆ. ಹತ್ತಿರದಲ್ಲೇ ಇರುವ ರೋಸರ್ ರೀವ್ಸ್ ನಕ್ಷತ್ರ ಮಾಣಿಕ್ಯಕ್ಕೂ (138.7 ಕ್ಯಾರೆಟ್, ಶ್ರೀಲಂಕಾದ್ದು) ಇದೇ ಕಾರಣ. ಸೂಜಿಗಳು ಒಂದೇ ದಿಕ್ಕಿಗಿದ್ದರೆ ನಕ್ಷತ್ರದ ಬದಲು ಬೆಕ್ಕಿನ ಕಣ್ಣಿನಂತಹ ಒಂದೇ ಗೆರೆ ಮೂಡುತ್ತದೆ. ಅದನ್ನು 'ಮಹಾರಾಣಿ' ಎಂಬ ವೈಡೂರ್ಯದಲ್ಲಿ ನೋಡಬಹುದು.

ಎರಡನೆಯದು ಡೊಮ್ ಪೆಡ್ರೊ. ಬ್ರೆಜಿಲ್‌ನ ಗಣಿಯಲ್ಲಿ ಸಿಕ್ಕ ಅಕ್ವಮರೀನ್ ಹರಳಿನಿಂದ ಜರ್ಮನಿಯ ಬರ್ನ್ಡ್ ಮುನ್‌ಸ್ಟೈನರ್ ಕೊರೆದ, 35 ಸೆಂಟಿಮೀಟರ್ ಎತ್ತರದ ತಿಳಿನೀಲಿ ಸ್ತಂಭ. 10,363 ಕ್ಯಾರೆಟ್. ಒಳಗೆ ದೀಪ ಇಟ್ಟಿದ್ದಾರೆ ಎಂದು ಅನೇಕರು ಭಾವಿಸುತ್ತಾರೆ. ದೀಪವಿಲ್ಲ, ಹಿಂಬದಿಯಲ್ಲಿ ಕೊರೆದ ಗೀರುಗಳೇ ಬೆಳಕನ್ನು ಹಿಡಿದು ಮುಂದಕ್ಕೆ ಕಳಿಸುತ್ತವೆ.

ಇನ್ನು ಹಾರಗಳ ಸಾಲಿನಲ್ಲಿ 'ಸ್ಪ್ಯಾನಿಷ್ ಇನ್‌ಕ್ವಿಸಿಷನ್' ಎಂಬ ವಿಚಿತ್ರ ಹೆಸರಿನ ಪಚ್ಚೆ ಹಾರವನ್ನು ಹುಡುಕಿ. ಪಚ್ಚೆಗಳು ದಕ್ಷಿಣ ಅಮೆರಿಕದ ಕೊಲಂಬಿಯಾದವು; ಕೊರೆದದ್ದು 17ನೇ ಶತಮಾನದ ಭಾರತದಲ್ಲಿ. ಹಿಂದೊಮ್ಮೆ ಇಂದೋರಿನ ಮಹಾರಾಜರ ಬಳಿಯಿತ್ತು. ಮುಖ ಕೊರೆಯುವುದಕ್ಕಿಂತ ಕಲ್ಲಿಗೆ ತೂತು ಕೊರೆದು ಪೋಣಿಸುವುದೇ ನಮ್ಮವರ ರೂಢಿಯಾಗಿತ್ತು. ಯಂತ್ರವಿಲ್ಲದ ಕಾಲದಲ್ಲಿ, ಬಿರುಕು ಬಿಡಲು ಕಾಯುತ್ತಿರುವ ಪಚ್ಚೆಯೊಳಗೆ ನೇರ ತೂತು ಕೊರೆದ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ನವರತ್ನಗಳೆಲ್ಲ ಅಲ್ಲಿವೆಯೇ?

ನವರತ್ನದ ಪಟ್ಟಿ ಹಿಡಿದು ಸುತ್ತುವುದು ಬಹಳ ಒಳ್ಳೆಯ ಉಪಾಯ, ಏಕೆಂದರೆ ದಾರಿಯಲ್ಲಿ ಹಲವು ಅಚ್ಚರಿಗಳಿವೆ. ಮಾಣಿಕ್ಯವೂ ನೀಲವೂ ಒಂದೇ ಖನಿಜ: ಕುರುಂದ, ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಒಂದಿಷ್ಟು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾಗಿ ಸೇರಿದರೆ ನೀಲಿ. ಇಂದು ಜ್ಯೋತಿಷಿಗಳು ಪುಷ್ಯರಾಗವೆಂದು ಕೊಡಿಸುವುದೂ ಸಾಮಾನ್ಯವಾಗಿ ಹಳದಿ ಕುರುಂದವನ್ನೇ. ಒಂಬತ್ತರಲ್ಲಿ ಮೂರು ಒಂದೇ ಕಲ್ಲು! ನಮ್ಮ ಮೈಸೂರು ಸೀಮೆಯಲ್ಲೂ ಕುರುಂದ ಸಿಗುತ್ತದೆ, ಆದರೆ ಅಲ್ಲಿನದು ಹೆಚ್ಚಾಗಿ ಮಬ್ಬಾದುದು.

ಪಚ್ಚೆ ಬೆರಿಲ್ ಎಂಬ ಖನಿಜ. ಮೇಲೆ ಹೇಳಿದ ಅಕ್ವಮರೀನ್ ಅದರ ಒಡಹುಟ್ಟು. ಗೋಮೇಧಿಕ ಗಾರ್ನೆಟ್ ಕುಟುಂಬದ್ದು. ಮುತ್ತು ಮತ್ತು ಹವಳ ಜೀವಿಗಳು ಕಟ್ಟಿದವು, ಹಾಗಾಗಿ ಖನಿಜಗಳ ನಡುವೆ ಅವುಗಳನ್ನು ಹುಡುಕಬೇಡಿ.

ಹರಳುಗಳಿಗೆ ಶಕ್ತಿ ಇದೆಯೇ? ಅಲ್ಲಿ ಅದರ ಬಗ್ಗೆ ಏನು ಹೇಳುತ್ತಾರೆ?

ಗ್ರಹದೋಷ, ಧನಲಾಭಗಳ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಬೆರಳಿಗೆ ಉಂಗುರ ಹಾಕಿಕೊಳ್ಳುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಕಲ್ಲು ಕಾಯಿಲೆ ವಾಸಿ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ದಯವಿಟ್ಟು ವೈದ್ಯರನ್ನು ಬಿಡಬೇಡಿ. ಹರಳಿಗೆ ಇರುವ ನಿಜವಾದ ಗುಣವೇ ಸಾಕಷ್ಟು ಸೋಜಿಗದ್ದು. ಸ್ಫಟಿಕವನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಹಾಯಿಸಿದರೆ ಅದು ಕಂಪಿಸುತ್ತದೆ. ನಿಮ್ಮ ಕೈಗಡಿಯಾರದೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುವುದರಿಂದಲೇ ಮುಳ್ಳು ಸರಿಯಾಗಿ ನಡೆಯುವುದು.

ಪೂಜೆಯ ಸ್ಫಟಿಕಮಾಲೆ ನೋಡಿ ಬೆಳೆದವರು ಅಲ್ಲಿನ ಸ್ಫಟಿಕದ ಚೆಂಡನ್ನು ನೋಡಲೇಬೇಕು. ಸುಮಾರು 33 ಸೆಂಟಿಮೀಟರ್ ಅಡ್ಡಗಲ, 48 ಕಿಲೊ ತೂಕ, ಒಳಗೆ ಒಂದು ಬಿರುಕಿಲ್ಲ, ಮೋಡವಿಲ್ಲ. ಅದರ ಮೂಲಕ ನೋಡಿದರೆ ಎದುರಿನ ಜನರೆಲ್ಲ ತಲೆಕೆಳಗಾಗಿ ಕಾಣುತ್ತಾರೆ.

ಕೊರೆಯದ ಕಲ್ಲುಗಳಲ್ಲಿ ನೋಡುವುದಾದರೂ ಏನು?

ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಒಡವೆಯ ಕಲ್ಲಿನ ಮುಖಗಳು ಮನುಷ್ಯ ಕೊಟ್ಟವು. ಖನಿಜದ ಹರಳಿನ ಮುಖಗಳು ಅದರವೇ. ಪೈರೈಟ್‌ನ ಚೌಕ ತುಂಡುಗಳನ್ನು ನೋಡಿ: ಅಂಚುಗಳು ಎಷ್ಟು ನೇರ, ಮುಖಗಳು ಎಷ್ಟು ನುಣುಪು ಎಂದರೆ ಕಾರ್ಖಾನೆಯಲ್ಲಿ ಮಾಡಿದ್ದೆಂದೇ ತೋರುತ್ತದೆ. ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಸಾಲು ತಪ್ಪದೆ ಒಂದರ ಮೇಲೊಂದು ಕೂತದ್ದಷ್ಟೇ ಅದಕ್ಕೆ ಕಾರಣ. ಎರಡು ಹರಳುಗಳ ಗಾತ್ರ ಬೇರೆಯಾಗಬಹುದು, ಮುಖಗಳ ಅಳತೆ ಬೇರೆಯಾಗಬಹುದು. ಒಂದೇ ಖನಿಜದಲ್ಲಿ ಹೊಂದಿಕೆಯಾಗುವ ಎರಡು ಮುಖಗಳ ನಡುವಿನ ಕೋನ ಮಾತ್ರ ಬದಲಾಗದು. ಸ್ಫಟಿಕದ ಬದಿಗಳ ನಡುವೆ 120 ಡಿಗ್ರಿ, ಬ್ರೆಜಿಲ್‌ನದಾಗಲಿ, ಹಿಮಾಲಯದ್ದಾಗಲಿ.

ಫಲಕಗಳಲ್ಲಿ ಮಹಾರಾಷ್ಟ್ರದ ಊರುಗಳ ಹೆಸರನ್ನು ಹುಡುಕಿ. ಪುಣೆ, ನಾಸಿಕ, ಜಳಗಾಂವ್ ಸುತ್ತಲಿನ ಕಲ್ಲುಕ್ವಾರಿಗಳ ಹರಳುಗಳು ಇಡೀ ಲೋಕದಲ್ಲಿ ಹೆಸರುವಾಸಿ: ತಿಳಿಹಸಿರು ಅಪೊಫಿಲೈಟ್, ಪೀಚ್ ಬಣ್ಣದ ಸ್ಟಿಲ್ಬೈಟ್, ಮೊಲದ ಬಾಲದಷ್ಟು ಮೃದುವಾಗಿ ತೋರುವ ಬಿಳಿ ಓಕೆನೈಟ್, ಕಣ್ಣು ಕೋರೈಸುವ ನೀಲಿ ಕ್ಯಾವನ್ಸೈಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಲಾವಾ ಉಕ್ಕಿ ಹರಿದಾಗ ಅದರಲ್ಲಿ ಗಾಳಿಗುಳ್ಳೆಗಳು ಉಳಿದವು. ಬಿಸಿನೀರು ಆ ಪೊಟರೆಗಳಲ್ಲಿ ಜಿನುಗಿ, ಖನಿಜವನ್ನು ಪದರ ಪದರವಾಗಿ ಇಳಿಸುತ್ತಾ ಹೋಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಭಾಗದ ಕಪ್ಪು ಕಲ್ಲೂ ಅದೇ ಲಾವಾ. ಕರಿಮಣ್ಣಿನ ಹೊಲಗಳು ಅದರದೇ ಪುಡಿ.

ಇನ್ನೊಂದು ಗುರುತಿನ ಕಲ್ಲು ಹೆಮಟೈಟ್. ಗಾಜಿನೊಳಗೆ ಕಪ್ಪಗೆ, ಕನ್ನಡಿಯಂತೆ ಮಿರುಗುತ್ತದೆ. ಬಳ್ಳಾರಿ–ಸಂಡೂರಿನ ಲಾರಿಗಳ ಹಿಂದೆ ಏಳುವ ಕೆಂಧೂಳು ಇದೇ ಖನಿಜ. ಗಟ್ಟಿಯಾಗಿರುವಾಗ ಎಷ್ಟೇ ಕಪ್ಪಿದ್ದರೂ ಪುಡಿಯಾದರೆ ಕೆಂಪು. ಹಾಗೆಯೇ ಬಿಳಿ ಬೆಣಚುಕಲ್ಲಿನಲ್ಲಿ ಅಂಟಿಕೊಂಡ ಚಿನ್ನದ ಎಳೆಗಳನ್ನು ಕೋಲಾರದವರಿಗೂ ಹಟ್ಟಿಯವರಿಗೂ ಪರಿಚಯಿಸಬೇಕಾಗಿಲ್ಲ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ಗ್ಯಾಲರಿಯಲ್ಲೇ ಕಟ್ಟಿರುವ ಗಣಿಯ ಮಾದರಿಯೊಳಗೆ ಕರೆದೊಯ್ಯಿರಿ. ಅಲ್ಲಿ ನ್ಯೂಜೆರ್ಸಿಯ ಸ್ಟರ್ಲಿಂಗ್ ಹಿಲ್ ಸತು ಗಣಿಯ ಕಲ್ಲುಗಳು ಅತಿನೇರಳೆ ಬೆಳಕಿನಲ್ಲಿ ಹಸಿರು, ಕೆಂಪಾಗಿ ಉರಿಯುತ್ತವೆ. ಮುಂದೆ ಉಲ್ಕಾಶಿಲೆಗಳೂ ಚಂದ್ರನ ಕಲ್ಲೂ ಇವೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಭೂತಗನ್ನಡಿ ಕೊಟ್ಟು ಉಪ್ಪಿನ ಕಾಳುಗಳನ್ನು ತೋರಿಸಿದ್ದರೆ ಇನ್ನೂ ಚೆನ್ನ. ಪುಟ್ಟ ಚೌಕಗಳನ್ನು ಕಂಡ ಮಗು, ಮರುದಿನ ಗ್ಯಾಲರಿಯಲ್ಲಿ ತಾನೇ ಚೌಕಗಳನ್ನು ಹುಡುಕತೊಡಗುತ್ತದೆ.

ಫೋಟೊ ತೆಗೆಯಬಹುದೇ?

ಸ್ವಂತಕ್ಕಾಗಿ ತೆಗೆಯಬಹುದು, ಟ್ರೈಪಾಡ್, ಸೆಲ್ಫಿ ಕೋಲು ಬೇಡ. ಫ್ಲಾಷ್ ಹಾಕಿದರೆ ಗಾಜಿನ ಮೇಲೆ ಬಿಳಿ ಚುಕ್ಕೆಯೊಂದೇ ಬರುತ್ತದೆ. ಮೊಬೈಲನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿಯಿರಿ. ನಕ್ಷತ್ರ ನೀಲಕ್ಕೆ ಫೋಟೊ ಸಾಲದು, ಹೆಜ್ಜೆ ಸರಿಸುತ್ತಾ ವಿಡಿಯೊ ಮಾಡಿ.

ನಮ್ಮ ಉಂಗುರದ ಕಲ್ಲು ಅಸಲಿಯೇ ಎಂದು ಅಲ್ಲಿ ಪರೀಕ್ಷಿಸಿ ಬೆಲೆ ಹೇಳುತ್ತಾರೆಯೇ?

ಇಲ್ಲ. ಸಂಗ್ರಹಾಲಯ ಬೆಲೆ ಕಟ್ಟುವುದಿಲ್ಲ. ಅದಕ್ಕೆ ರತ್ನ ಪರೀಕ್ಷೆಯ ಪ್ರಯೋಗಾಲಯಗಳಿವೆ. ಊರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲೇ ಮಾಡಿಸಬಹುದು.

ನೆನಪಿಗೆ ಹರಳು ಕೊಳ್ಳಬಹುದೇ?

ಸಂಗ್ರಹಾಲಯದ ಅಂಗಡಿಯಲ್ಲಿ ಚಿಕ್ಕಪುಟ್ಟ ಹರಳುಗಳೂ ಒಡವೆಗಳೂ ಸಿಗುತ್ತವೆ. ಎಲ್ಲಿಯೇ ಕೊಂಡರೂ ಎರಡು ಎಚ್ಚರಿಕೆ. ಕಡು ಹಳದಿಯ ಸಿಟ್ರಿನ್ ಎಂದು ಮಾರುವುದರಲ್ಲಿ ಬಹುಪಾಲು ಕಾಯಿಸಿ ಬಣ್ಣ ಬದಲಿಸಿದ ನೇರಳೆ ಅಮೆಥಿಸ್ಟ್. ಕಣ್ಣಿಗೆ ರಾಚುವ ಗುಲಾಬಿ, ನೀಲಿ ಅಗೇಟ್ ಬಿಲ್ಲೆಗಳು ಹೆಚ್ಚಾಗಿ ಬಣ್ಣ ಕುಡಿಸಿದವು. ಮೋಸವೆನ್ನಲಾಗದು, ಹೇಳಿ ಮಾರಿದರೆ ತಪ್ಪೂ ಇಲ್ಲ. ಆದರೆ ಕೇಳಿ ತಿಳಿದು ಕೊಳ್ಳಿ.

ಅಮೆರಿಕಕ್ಕೆ ಹೋಗಲಾಗದವರು ಇಂತಹುದನ್ನು ಎಲ್ಲಿ ನೋಡಬಹುದು?

ಶಿರಡಿಗೆ ಹೋಗುವ ಕನ್ನಡಿಗರಿಗೆ ಅಂತಹ ಜಾಗ ಹೆಚ್ಚು ದೂರವೇನಲ್ಲ. ನಾಸಿಕ–ಶಿರಡಿ ದಾರಿಯ ಸಿನ್ನರ್‌ನಲ್ಲಿ ಗರ್ಗೋಟಿ ಎಂಬ ಖನಿಜ ಸಂಗ್ರಹಾಲಯವಿದೆ. ದಖ್ಖನ್ನಿನ ಹರಳುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೇಲೆ ಹೇಳಿದ ಓಕೆನೈಟ್, ಕ್ಯಾವನ್ಸೈಟ್‌ಗಳನ್ನು ಅವು ಹುಟ್ಟಿದ ನೆಲದಲ್ಲೇ ನೋಡಬಹುದು. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಭೂವಿಜ್ಞಾನ ವಿಭಾಗವೂ ದೊಡ್ಡದು. ಸಿನ್ನರ್‌ಗೆ ಹೋಗುವವರು ಸಮಯವನ್ನೂ ಪ್ರವೇಶ ದರವನ್ನೂ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಪ್ರವಾಸದ ಬಸ್ಸಿನಲ್ಲಿ ಹೋಗುವುದಾದರೆ, ಅಲ್ಲಿ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಚಾಲಕರಿಗೆ ಹೇಳಿರಿ.